ಸಹಿ ಯಾರು ಹಾಕಬೇಕು?

(ಕಾನೂನು ಓದುವ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಅಂದು ಆಡಿದಂತೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ಪೆರೋಲ್ ಬಗ್ಗೆ ಮಾತಾಡಬೇಕು ಅಂತ ನಿಮ್ಮ ಮೇಷ್ಟ್ರು ಫೋನ್ ಮಾಡಿದಾಗ ಆಗಲಿ ಅಂದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಒಂದು ಕಾಯ್ದೆಯ ಕತೆ ಹೇಳ್ತೀನಿ ಅಂದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ನಮ್ಮ ಹುಡುಗರಿಗೆ ಅದು ಯಾಕ್ರೀ?" ಅಂದರು. ಅದಕ್ಕೆ ಉತ್ತರವಾಗಿ, ಬಹಳ ಹಿಂದೆ ನನ್ನ ಕಚೇರಿಗೆ ಬಂದಿದ್ದ ಒಬ್ಬ ಅಜ್ಜಿಯ ವಿಷಯ ಮೊದಲು ಹೇಳಿಬಿಡುತ್ತೇನೆ.

ನಾನು ಕರಿಕೋಟು ಹಾಕಿ ನಾಲ್ಕೈದು ವರ್ಷವಾಗಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಆಕೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು, ಬೆಂಚು ಇದ್ದರೂ ನೆಲದ ಮೇಲೇ ಕೂತಳು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ರೇಷನ್ ಕಾರ್ಡು, ಮನೆಯ ಉತಾರ, ಪಂಚಾಯ್ತಿಯವರು ಬರೆದುಕೊಟ್ಟ ಒಂದು ಚೀಟಿ, ಮೂರು ಫೋಟೋ. ಫೋಟೋದಲ್ಲಿ ಮನುಷ್ಯರು ಯಾರೂ ಇಲ್ಲ. ಮಣ್ಣಿನ ಮಾಳಿಗೆಯ ತೊಲೆಯೊಂದು ಮುರಿದು ಜೋತುಬಿದ್ದದ್ದನ್ನು ಮೂರು ಕಡೆಯಿಂದ ತೆಗೆಸಿದ್ದಳು. ಮಗನಿಗೆ ಕೊಲೆ ಕೇಸಿನಲ್ಲಿ ಜೀವಾವಧಿ. ಮಳೆ ಹಿಡಿಯುವುದರೊಳಗೆ ಅವನು ಒಂದು ತಿಂಗಳು ಬಂದು ಮಾಳಿಗೆ ನೆಟ್ಟಗೆ ಮಾಡಿ ಹೋಗಬೇಕು. ಅರ್ಜಿ ಕೊಟ್ಟು ಮೂರು ತಿಂಗಳಾಗಿದೆ. ಜೈಲಿನವರು ಪೊಲೀಸ್ ವರದಿ ಬರಬೇಕು ಅಂತಾರೆ, ಠಾಣೆಯವರು ಕಳಿಸಿ ಆಯ್ತು ಅಂತಾರೆ, ನಡುವಿನ ಕಚೇರಿಯವರು ಬಂದೇ ಇಲ್ಲ ಅಂತಾರೆ.

ನಾನು ಹೊಸ ಹುರುಪಿನವನು, ನಿಯಮಗಳನ್ನೆಲ್ಲ ಬಿಡಿಸಿ ಹೇಳತೊಡಗಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿ ಸಾಹೇಬ್ರ. ಇದಕ್ಕ ಸಹಿ ಯಾರ್ ಹಾಕಬೇಕ್ರಿ? ಅವ್ರ ಹೆಸರು ಹೇಳ್ರಿ, ಅವ್ರ ಮನಿಗೇ ಹೋಗ್ತೀನಿ" ಅಂದಳು.

ನನಗೆ ಹೆಸರು ಹೇಳಲಾಗಲಿಲ್ಲ. ಅಂದಿನಿಂದ ಇಂದಿನವರೆಗೂ ಪೆರೋಲ್ ಕುರಿತ ಯಾವ ಕಾಯ್ದೆ ಓದಿದರೂ ನಾನು ಮೊದಲು ಹುಡುಕುವುದು ಅದನ್ನೇ. ಮೇರಿಲ್ಯಾಂಡ್‌ನವರು ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಜಗಳ ಕಾದದ್ದು ಈ ಅಜ್ಜಿಯ ಪ್ರಶ್ನೆಯ ಮೇಲೆಯೇ.

ಮುಂದೆ ಹೋಗುವ ಮುಂಚೆ ಎರಡು ಮಾತುಗಳ ಅರ್ಥ ಸರಿಮಾಡಿಕೊಳ್ಳೋಣ, ಇಲ್ಲದಿದ್ದರೆ ಕೊನೆಯವರೆಗೂ ಗೊಂದಲ. ಒಂದು, ಪೆರೋಲ್. ನಮ್ಮಲ್ಲಿ ಪೆರೋಲ್ ಅಂದರೆ ರಜೆ. ಮಗಳ ಮದುವೆ, ತಾಯಿಯ ಕಾಯಿಲೆ, ಹೊಲದ ಕೆಲಸ, ಮನೆ ದುರಸ್ತಿಗೆ ಅಂತ ಕೆಲವು ದಿನ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಅಮೆರಿಕದಲ್ಲಿ ಪೆರೋಲ್ ಅಂದರೆ ಬಿಡುಗಡೆ. ಷರತ್ತಿನ ಬಿಡುಗಡೆ ನಿಜ, ಅಧಿಕಾರಿಯ ನಿಗಾದಲ್ಲಿರಬೇಕು, ತಪ್ಪು ಮಾಡಿದರೆ ವಾಪಸ್ ಒಳಗೆ. ಆದರೂ ಬಂದವನು ಬಂದ ಹಾಗೆಯೇ. ನಾವು 'ಸನ್ನಡತೆ ಆಧಾರದ ಮೇಲೆ ಅವಧಿಪೂರ್ವ ಬಿಡುಗಡೆ' ಅಂತ ಆಗಸ್ಟ್ 15ರ ಆಸುಪಾಸಿನ ಪೇಪರುಗಳಲ್ಲಿ ಓದುತ್ತೇವಲ್ಲ, ಅದಕ್ಕೆ ಹತ್ತಿರದ್ದು. ನಮ್ಮ ರಜೆಗೆ ಅವರು ಹೇಳುವ ಮಾತು ಫರ್ಲೋ.

ಎರಡನೆಯದು, ಗವರ್ನರ್. ಇದನ್ನು ರಾಜ್ಯಪಾಲ ಅಂತ ಅನುವಾದ ಮಾಡಿಕೊಳ್ಳಬೇಡಿ. ಅಲ್ಲಿನ ಗವರ್ನರ್ ಜನರೇ ನೇರವಾಗಿ ಆರಿಸಿದವನು. ಕೆಲಸ ನೋಡಿದರೆ ನಮ್ಮ ಮುಖ್ಯಮಂತ್ರಿ. ನಾಲ್ಕು ವರ್ಷಕ್ಕೊಮ್ಮೆ ಓಟು ಕೇಳಬೇಕು. ಈ ಓಟು ಕೇಳುವ ವಿಷಯ ಕತೆಗೆ ಬಹಳ ಮುಖ್ಯ.

ಮೇರಿಲ್ಯಾಂಡ್ ಸಣ್ಣ ರಾಜ್ಯ. ರಾಜಧಾನಿ ವಾಷಿಂಗ್ಟನ್‌ನ ಪಕ್ಕಕ್ಕೇ ಅಂಟಿಕೊಂಡಿದೆ. ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 62 ಲಕ್ಷ, ಅಂದರೆ ನಮ್ಮ ಬೆಂಗಳೂರಿಗಿಂತ ಕಡಿಮೆ. ಅಲ್ಲಿ ಪೆರೋಲ್ ಆಯೋಗ ಅಂತ ಒಂದಿದೆ, 10 ಜನ ಆಯುಕ್ತರು, ಆರು ವರ್ಷದ ಅವಧಿ. ಸಾಮಾನ್ಯ ಕೈದಿಗಳ ಪೆರೋಲ್ ಅವರೇ ತೀರ್ಮಾನಿಸುತ್ತಾರೆ. ಆದರೆ ಜೀವಾವಧಿ ಕೈದಿಗೆ ಮಾತ್ರ ಒಂದು ಮೆಟ್ಟಿಲು ಹೆಚ್ಚು. ಮೊದಲು ಇಬ್ಬರು ಆಯುಕ್ತರು ಕೈದಿಯನ್ನು ಕೂರಿಸಿಕೊಂಡು ವಿಚಾರಿಸುತ್ತಾರೆ. ಅವರಿಗೆ ಸರಿ ಅನಿಸಿದರೆ ಪಟಕ್ಸೆಂಟ್ ಎಂಬ ಸಂಸ್ಥೆಯ ಮನಶ್ಶಾಸ್ತ್ರಜ್ಞರು ಈತ ಹೊರಗೆ ಹೋದರೆ ಅಪಾಯ ಎಷ್ಟು ಅಂತ ಅಳೆದು ವರದಿ ಕೊಡುತ್ತಾರೆ. ಆಮೇಲೆ ಇಡೀ ಆಯೋಗ ಕೂರುತ್ತದೆ. ಇಷ್ಟೆಲ್ಲ ದಾಟಿ ಬಂದ ಶಿಫಾರಸು ಗವರ್ನರನ ಮೇಜಿಗೆ ಹೋಗಬೇಕು. ಅಲ್ಲಿ ಸಹಿ ಬಿದ್ದರೆ ಮಾತ್ರ ಬಾಗಿಲು ತೆಗೆಯುತ್ತಿತ್ತು. ಹೀಗೆ ಜೀವಾವಧಿ ಕೈದಿಗಳ ಪೆರೋಲ್‌ನಲ್ಲಿ ಗವರ್ನರನ ಕೈ ಇದ್ದ ರಾಜ್ಯಗಳು ಇಡೀ ಅಮೆರಿಕದಲ್ಲಿ ಮೂರೇ: ಕ್ಯಾಲಿಫೋರ್ನಿಯಾ, ಒಕ್ಲಹೋಮ, ಮೇರಿಲ್ಯಾಂಡ್.

1970, 80ರ ದಶಕಗಳಲ್ಲಿ ಇದು ದೊಡ್ಡ ತಕರಾರಿನ ವಿಷಯವೇ ಆಗಿರಲಿಲ್ಲ. ಆಯೋಗ ಕಳಿಸುತ್ತಿತ್ತು, ಗವರ್ನರ್ ಕೆಲವಕ್ಕೆ ಸಹಿ ಹಾಕುತ್ತಿದ್ದ, ಕೆಲವಕ್ಕೆ ಇಲ್ಲ. ಆಮೇಲೆ ಎರಡು ಘಟನೆ ನಡೆದವು.

ಮೊದಲನೆಯದು ಅಮೆರಿಕದ ರಾಜಕೀಯ ಓದಿದವರಿಗೆಲ್ಲ ಗೊತ್ತಿರುವುದು. ಮ್ಯಾಸಚೂಸೆಟ್ಸ್ ರಾಜ್ಯದ ಜೀವಾವಧಿ ಕೈದಿ ವಿಲಿಯಂ ಹಾರ್ಟನ್ 1986ರಲ್ಲಿ ವಾರಾಂತ್ಯದ ಫರ್ಲೋ ಮೇಲೆ ಹೊರಬಂದವನು ವಾಪಸ್ ಹೋಗಲೇ ಇಲ್ಲ. 1987ರ ಏಪ್ರಿಲ್‌ನಲ್ಲಿ ಒಂದು ಮನೆಗೆ ನುಗ್ಗಿ ಅಲ್ಲಿದ್ದ ಗಂಡಸನ್ನು ಇರಿದು ಹಿಂಸಿಸಿ, ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದ. ಆ ಮನೆ ಇದ್ದದ್ದು ಮೇರಿಲ್ಯಾಂಡ್‌ನಲ್ಲಿ. 1988ರ ಅಧ್ಯಕ್ಷ ಚುನಾವಣೆಯಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಮೈಕಲ್ ಡುಕಾಕಿಸ್ ವಿರುದ್ಧ ಇದನ್ನೇ ಜಾಹೀರಾತು ಮಾಡಿ ಟಿವಿಯಲ್ಲಿ ತೋರಿಸಿದರು. ಡುಕಾಕಿಸ್ ಸೋತ. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ದೇಶದ ಗವರ್ನರುಗಳೆಲ್ಲ ಕಲಿತ ಪಾಠ ಒಂದೇ: ಕೈದಿಗೆ ಬಾಗಿಲು ತೆಗೆದವನ ಮುಖ ಟಿವಿಯಲ್ಲಿ ಬರುತ್ತದೆ. ಅದೇ 1988ರ ನವೆಂಬರ್ ಮತದಾನದ ದಿನವೇ ಕ್ಯಾಲಿಫೋರ್ನಿಯಾದ ಜನ, ಕೊಲೆ ಕೈದಿಗಳ ಪೆರೋಲ್ ತಡೆಯುವ ಅಧಿಕಾರವನ್ನು ತಮ್ಮ ಗವರ್ನರನಿಗೆ ಕೊಟ್ಟರು.

ಎರಡನೆಯದು ಮೇರಿಲ್ಯಾಂಡ್‌ನದೇ. 1993ರಲ್ಲಿ, ಹಗಲು ಕೆಲಸಕ್ಕೆಂದು ಹೊರಗೆ ಹೋಗಿಬರಲು ಅನುಮತಿ ಪಡೆದಿದ್ದ ಒಬ್ಬ ಜೀವಾವಧಿ ಕೈದಿ ತನ್ನ ಗೆಳತಿಯನ್ನು ಕೊಂದು ತಾನೂ ಸತ್ತ. ಆ ಕೂಡಲೇ ಹಾಗೆ ಕೆಲಸಕ್ಕೆ ಹೋಗುತ್ತಿದ್ದ ಉಳಿದ ಜೀವಾವಧಿ ಕೈದಿಗಳನ್ನೆಲ್ಲ ಒಳಗೆ ಕರೆಸಿಕೊಂಡರು. ಅವರಲ್ಲಿ ಕೆಲವರು ವರ್ಷಗಟ್ಟಲೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದವರು, ಒಂದು ತಕರಾರೂ ಇಲ್ಲದವರು.

1995ರಲ್ಲಿ ಪ್ಯಾರಿಸ್ ಗ್ಲೆಂಡೆನಿಂಗ್ ಗವರ್ನರ್ ಆದ. ಡೆಮಾಕ್ರಾಟ್ ಪಕ್ಷದವನು. ರಾಜಕೀಯಕ್ಕೆ ಬರುವ ಮುಂಚೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವನು, ವಿಷಯ ರಾಜ್ಯಶಾಸ್ತ್ರವೇ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಆತ ಜೆಸ್ಸಪ್ ಎಂಬಲ್ಲಿ ಜೈಲಿನ ಮುಂದೆಯೇ ನಿಂತು ಘೋಷಿಸಿದ: ಜೀವಾವಧಿ ಅಂದರೆ ಜೀವಾವಧಿಯೇ. ಬಹಳ ಮುದುಕರಾದವರು, ಸಾಯುವ ಕಾಯಿಲೆಯವರು ಬಿಟ್ಟರೆ ಇನ್ಯಾರ ಶಿಫಾರಸೂ ನನ್ನ ಹತ್ತಿರ ತರಬೇಡಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಕಾಯ್ದೆಯ ಒಂದು ಅಕ್ಷರ ಬದಲಾಗಿಲ್ಲ. ನ್ಯಾಯಾಧೀಶರು ಕೊಟ್ಟ ಶಿಕ್ಷೆ ಹಾಗೇ ಇದೆ, ಅದರಲ್ಲಿ 'ಪೆರೋಲ್‌ಗೆ ಅರ್ಹ' ಎಂದೇ ಇದೆ. ಎಷ್ಟೋ ಜನ ತಪ್ಪೊಪ್ಪಿಕೊಂಡದ್ದೇ ಹದಿನೈದು ವರ್ಷ ಕಳೆದ ಮೇಲೆ ಒಂದು ಅವಕಾಶ ಇದೆ ಎಂಬ ಲೆಕ್ಕದ ಮೇಲೆ. ಆಯೋಗವೂ ಕೂರುತ್ತದೆ, ಮನಶ್ಶಾಸ್ತ್ರಜ್ಞರೂ ವರದಿ ಬರೆಯುತ್ತಾರೆ. ಕೊನೆಯ ಒಂದು ಸಹಿ ಇಲ್ಲ ಅಷ್ಟೇ. ಶಾಸನಸಭೆಯಲ್ಲಿ ಚರ್ಚೆ ಮಾಡದೆ, ಒಂದು ಪತ್ರಿಕಾಗೋಷ್ಠಿಯಲ್ಲಿ ಶಿಕ್ಷೆಯ ಅರ್ಥವೇ ಬದಲಾಯಿತು.

ಇದು ಸರಿಯೇ ಅಂತ ಒಬ್ಬ ಕೈದಿ ಕೋರ್ಟಿಗೆ ಹೋದ. ವಾಲ್ಟರ್ ಲೋಮ್ಯಾಕ್ಸ್ ಅವನ ಹೆಸರು. ಬಾಲ್ಟಿಮೋರ್‌ನ ಕರಿಯ ಯುವಕ. 1967ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಕೊಲೆ ಆರೋಪದ ಮೇಲೆ ಬಂಧನ, ಜೀವಾವಧಿ. 1999ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅವನ ವಿರುದ್ಧ ತೀರ್ಪು ಕೊಟ್ಟಿತು. ಗವರ್ನರನಿಗೆ ವಿವೇಚನೆ ಇದೆ, ಆ ವಿವೇಚನೆಯನ್ನು ತಾನು ಹೇಗೆ ಬಳಸುತ್ತೇನೆಂದು ಆತ ಮೊದಲೇ ಹೇಳಿದ್ದಾನೆ ಅಷ್ಟೇ, ಬೇಕಾದಾಗ ಮನಸ್ಸು ಬದಲಾಯಿಸಬಹುದು, ಆದ್ದರಿಂದ ಕಾನೂನು ಬದಲಾದ ಹಾಗಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನ ದೃಷ್ಟಿಯಲ್ಲಿ ಇದು ಸುಸಂಬದ್ಧವಾಗಿದೆ. ಕೋಣೆಯಲ್ಲಿ ಕೂತವನಿಗೆ ಇದನ್ನು ಹೇಗೆ ವಿವರಿಸುತ್ತೀರಿ ನೋಡಿ.

ಲೋಮ್ಯಾಕ್ಸ್ 2006ರಲ್ಲಿ ಹೊರಬಂದ. ಪೆರೋಲ್ ಮೇಲಲ್ಲ, ಒಬ್ಬ ನ್ಯಾಯಾಧೀಶರು ಅವನ ಶಿಕ್ಷೆಯನ್ನು ಕಡಿಮೆ ಮಾಡಿದ್ದರಿಂದ. ಒಳಗೆ ಕಳೆದದ್ದು 39 ವರ್ಷ. ಅದಾಗಿ ಎಂಟು ವರ್ಷಕ್ಕೆ, 2014ರಲ್ಲಿ, ಅವನ ಮೇಲಿನ ಅಪರಾಧ ನಿರ್ಣಯವೇ ರದ್ದಾಯಿತು. ಆ ಕೊಲೆ ಅವನು ಮಾಡಿರಲೇ ಇಲ್ಲ.

ಇದು ಪೆರೋಲ್ ಮಂಡಳಿಗಳ ಬಗ್ಗೆ ನಾವು ಹೆಚ್ಚಾಗಿ ಯೋಚಿಸದ ಸಂಗತಿ. ಮಂಡಳಿಯ ಮುಂದೆ ಕೂತ ಕೈದಿಯಿಂದ ಅವರು ಮೊದಲು ನಿರೀಕ್ಷಿಸುವುದು ಪಶ್ಚಾತ್ತಾಪ. 'ಮಾಡಿದ್ದು ತಪ್ಪಾಯಿತು, ಆ ಕುಟುಂಬಕ್ಕೆ ನಾನು ಮಾಡಿದ ಅನ್ಯಾಯ ಗೊತ್ತಾಗಿದೆ' ಎಂಬ ಮಾತು ಬಾಯಿಂದ ಬರಬೇಕು. ಮಾಡದವನು ಏನು ಹೇಳಬೇಕು? ಮಾಡಿದೆ ಅಂತ ಸುಳ್ಳು ಹೇಳಿದರೆ ಹೊರಗೆ ಹೋಗುವ ದಾರಿ, ಮಾಡಿಲ್ಲ ಅಂತ ನಿಜ ಹೇಳಿದರೆ 'ಇವನಿಗಿನ್ನೂ ಬುದ್ಧಿ ಬಂದಿಲ್ಲ' ಎಂಬ ಷರಾ. ಮೇರಿಲ್ಯಾಂಡ್ ಒಂದೇ ಅಲ್ಲ, ಪೆರೋಲ್ ಇರುವ ಕಡೆಯಲ್ಲೆಲ್ಲ ಇರುವ ಇಕ್ಕಟ್ಟು ಇದು. ಯಾವ ಕಾಯ್ದೆಯೂ ಇದನ್ನು ಪೂರ್ತಿ ಬಿಡಿಸಿದ್ದು ನಾನು ಕಂಡಿಲ್ಲ. ಲೋಮ್ಯಾಕ್ಸ್ ಹೊರಬಂದವನು ಸುಮ್ಮನೆ ಕೂರಲಿಲ್ಲ. ಒಳಗೆ ಉಳಿದ ಜೀವಾವಧಿ ಕೈದಿಗಳಿಗಾಗಿ ಸಂಘಟನೆ ಕಟ್ಟಿ, ಶಾಸನಸಭೆಯ ಸಮಿತಿಗಳ ಮುಂದೆ ವರ್ಷವರ್ಷವೂ ಹೋಗಿ ಹೇಳಿಕೆ ಕೊಡುತ್ತಾ ಬಂದ.

ಗ್ಲೆಂಡೆನಿಂಗ್ ನಂತರ ಬಂದವನು ರಿಪಬ್ಲಿಕನ್ ಪಕ್ಷದ ರಾಬರ್ಟ್ ಅರ್ಲಿಕ್, ಆಮೇಲೆ ಡೆಮಾಕ್ರಾಟ್ ಮಾರ್ಟಿನ್ ಒ'ಮ್ಯಾಲಿ. ಪಕ್ಷ ಬದಲಾಯಿತು, ಸಹಿ ಬರಲಿಲ್ಲ. ಶಿಕ್ಷೆ ಇಳಿಸಿದ್ದು ಬೆರಳೆಣಿಕೆಯಷ್ಟು ಉಂಟು. ಮಾಮೂಲಿ ಪೆರೋಲ್ ಬಾಗಿಲು ಮುಚ್ಚಿಯೇ ಇತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಹಿ ಹಾಕುವವನ ಕುರ್ಚಿಯಲ್ಲಿ ನೀವೇ ಕೂತು ನೋಡಿ. ಒಬ್ಬನನ್ನು ಬಿಟ್ಟು ಅವನು ನಾಳೆ ಯಾರನ್ನಾದರೂ ಕೊಂದರೆ ನಿಮ್ಮ ಸಹಿಯ ಫೋಟೋ ಪೇಪರಿನ ಮುಖಪುಟದಲ್ಲಿ. ಬಿಡಬಹುದಾದ ನೂರು ಜನರನ್ನು ಬಿಡದೆ ಇದ್ದರೆ? ಅದು ಸುದ್ದಿಯೇ ಅಲ್ಲ. ಕಳ್ಳಕಾಕರ ಪರ ಮಾತಾಡುವ ಒಬ್ಬಿಬ್ಬರು ವಕೀಲರು ಗೊಣಗುತ್ತಾರೆ, ಅಷ್ಟೇ. ಒಂದು ತಪ್ಪಿಗೆ ತಲೆದಂಡ, ಇನ್ನೊಂದು ತಪ್ಪಿಗೆ ಲೆಕ್ಕವೇ ಇಲ್ಲ ಅಂದಾಗ ಯಾರಾದರೂ ಎರಡನೆಯದನ್ನೇ ಮಾಡುತ್ತಾರೆ. ಗವರ್ನರುಗಳನ್ನು ಕಟುಕರು ಅಂತ ಬೈದು ಪ್ರಯೋಜನವಿಲ್ಲ. ಆ ಕುರ್ಚಿಯನ್ನು ಮಾಡಿಟ್ಟಿದ್ದೇ ಹಾಗೆ.

ಶಾಸನಸಭೆಗೂ ಇದು ಅರ್ಥವಾಗಿತ್ತು. 2011ರಲ್ಲಿ ಒಂದು ಜಾಣ ಉಪಾಯ ಮಾಡಿದರು: ಆಯೋಗದ ಶಿಫಾರಸು ಬಂದ 180 ದಿನದೊಳಗೆ ಗವರ್ನರ್ ತಿರಸ್ಕರಿಸದಿದ್ದರೆ ಅದು ತಾನಾಗಿಯೇ ಜಾರಿಗೆ ಬರಬೇಕು. ಕಾಕತಾಳೀಯ ನೋಡಿ, ಅದೇ 2011ರಲ್ಲಿ ನಾವು ಕರ್ನಾಟಕದಲ್ಲಿ ಸಕಾಲ ಕಾಯ್ದೆ ಮಾಡಿದೆವು, ಜಾತಿ ಪತ್ರ ಇಷ್ಟು ದಿನದಲ್ಲಿ ಕೊಡದಿದ್ದರೆ ದಿನಕ್ಕೆ 20 ರೂಪಾಯಿ ದಂಡ ಅಂತ. ಎರಡೂ ಕಡೆ ರೋಗ ಒಂದೇ, ಮೇಜಿನ ಮೇಲೆ ಮಲಗುವ ಕಡತ. ಮೌನಕ್ಕೆ ಒಂದು ಅರ್ಥ ಕಟ್ಟಿಬಿಟ್ಟರೆ ಕಡತ ಏಳುತ್ತದೆ ಎಂಬ ನಂಬಿಕೆ.

ಎದ್ದಿತು. ಆದರೆ ಎದ್ದು ಹೋದದ್ದು ತಿರಸ್ಕಾರದ ಕಡೆಗೆ. ಗಡುವು ಬಂದದ್ದರಿಂದ ಒ'ಮ್ಯಾಲಿ ತನ್ನ ಮೇಜಿನ ಮೇಲಿದ್ದ ಶಿಫಾರಸುಗಳನ್ನು ರಾಶಿಯಾಗಿ ತಳ್ಳಿಹಾಕಿದ. ಅದುವರೆಗೆ 'ನೋಡೋಣ' ಎಂಬ ಹಾಗಿದ್ದ ಮೌನ ಈಗ ಬರವಣಿಗೆಯಲ್ಲಿ 'ಇಲ್ಲ' ಆಯಿತು. ಕಾಯ್ದೆ ಬರೆಯುವ ಕೆಲಸಕ್ಕೆ ನಿಮ್ಮಲ್ಲಿ ಯಾರಾದರೂ ಮುಂದೆ ಹೋಗುವುದಾದರೆ ಈ 180 ದಿನದ ಕತೆಯನ್ನು ಮಾತ್ರ ಮರೆಯಬೇಡಿ. ಸಹಿ ಹಾಕುವವನ ಭಯ ಹಾಗೇ ಉಳಿಸಿ ಅವನಿಗೆ ಗಡಿಯಾರ ಕೊಟ್ಟರೆ ಅವನು ಬೇಗ ಭಯಪಡುತ್ತಾನೆ.

ಅದೇ 2011ರಲ್ಲಿ ಇನ್ನೊಂದು ನಡೆಯಿತು. ಅಧಿಕಾರ ಬಿಟ್ಟು ಎಂಟು ವರ್ಷವಾಗಿದ್ದ ಗ್ಲೆಂಡೆನಿಂಗ್, ತಾನು ಅಂದು ಮಾಡಿದ್ದು ತಪ್ಪು, ಈ ತೀರ್ಮಾನವನ್ನು ರಾಜಕೀಯದವರ ಕೈಯಿಂದ ತೆಗೆಯಬೇಕು ಎಂದು ಬಹಿರಂಗವಾಗಿ ಹೇಳಿದ. ಆಮೇಲೂ ಅದನ್ನೇ ಹೇಳುತ್ತಾ ಬಂದ. ಕುರ್ಚಿ ಬಿಟ್ಟ ಮೇಲೆ ಬಂದ ಧೈರ್ಯ ಅಂತ ಯಾರಾದರೂ ಮೂಗು ಮುರಿಯಬಹುದು. ನಾನು ಮುರಿಯುವುದಿಲ್ಲ. ಕುರ್ಚಿ ಬಿಟ್ಟ ಮೇಲೂ ಬಾಯಿ ಬಿಡದವರನ್ನೇ ನಾವು ಹೆಚ್ಚು ನೋಡಿರುವುದು.

ಮರುವರ್ಷ, 2012ರ ಮೇ ತಿಂಗಳಲ್ಲಿ, ಯಾರೂ ಯೋಜಿಸದ ಒಂದು ಪ್ರಯೋಗ ಶುರುವಾಯಿತು. ಮೇರಿಲ್ಯಾಂಡ್‌ನ ಸಂವಿಧಾನದಲ್ಲಿ ಒಂದು ವಿಚಿತ್ರ ವಾಕ್ಯವಿದೆ: ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿಯವರು, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳಲು ಕೂರಿಸಿದ ಸಾಮಾನ್ಯ ಜನ, ವಾಸ್ತವಾಂಶಕ್ಕಷ್ಟೇ ಅಲ್ಲ, ಕಾನೂನಿಗೂ ನಿರ್ಣಾಯಕರು. ಹಾಗಾಗಿ 1980ರವರೆಗೆ ಅಲ್ಲಿನ ನ್ಯಾಯಾಧೀಶರು, 'ಕಾನೂನಿನ ಬಗ್ಗೆ ನಾನು ಹೇಳುವುದು ಬರೀ ಸಲಹೆ' ಅಂತ ಜ್ಯೂರಿಗೆ ಹೇಳುತ್ತಿದ್ದರು. ಸಂಶಯಾತೀತವಾಗಿ ಸಾಬೀತಾಗಬೇಕು ಎಂಬುದೂ ಸಲಹೆ ಅಂತಾದರೆ ಅದು ನ್ಯಾಯವಾದ ವಿಚಾರಣೆಯೇ ಅಲ್ಲ ಎಂದು ಉಂಗರ್ ಎಂಬ ಕೈದಿಯ ಪ್ರಕರಣದಲ್ಲಿ ಅತ್ಯುನ್ನತ ನ್ಯಾಯಾಲಯ ಹೇಳಿತು. ಅಲ್ಲಿಗೆ ಆ ಕಾಲದ ಇನ್ನೂರಕ್ಕೂ ಹೆಚ್ಚು ಹಳೆಯ ಕೈದಿಗಳಿಗೆ ಮರುವಿಚಾರಣೆಯ ಹಕ್ಕು ಬಂತು. ಮೂವತ್ತು ನಲವತ್ತು ವರ್ಷ ಹಿಂದಿನ ಕೇಸಿಗೆ ಸಾಕ್ಷಿ ಎಲ್ಲಿಂದ ತರುವುದು? ಬಹುಪಾಲು ಕೇಸುಗಳಲ್ಲಿ ಸರ್ಕಾರಿ ವಕೀಲರು ರಾಜಿಗೆ ಬಂದರು, ಕಳೆದ ಶಿಕ್ಷೆಯೇ ಶಿಕ್ಷೆ ಅಂತಾಯಿತು. ಸುಮಾರು 200 ಜನ ಹೊರಬಂದರು. ಸರಾಸರಿ ವಯಸ್ಸು ಅರವತ್ತರ ಮೇಲೆ. ಕಾನೂನು ಕಾಲೇಜೊಂದರ ವಿದ್ಯಾರ್ಥಿಗಳು, ನಿಮ್ಮಂಥವರೇ, ಸಮಾಜಕಾರ್ಯದವರ ಜೊತೆ ಸೇರಿ ಅವರಿಗೆ ಮನೆ, ಔಷಧಿ, ಗುರುತಿನ ಚೀಟಿ ಹೊಂದಿಸಿಕೊಟ್ಟರು.

ಇವರೆಲ್ಲ ಯಾರು? ಬಿಟ್ಟರೆ ಸಮಾಜಕ್ಕೆ ಅಪಾಯ ಅಂತ ಗವರ್ನರುಗಳು ಬಾಗಿಲು ಮುಚ್ಚಿಟ್ಟಿದ್ದರಲ್ಲ, ಆ ಸಾಲಿನವರೇ. ಮುಂದಿನ ವರ್ಷಗಳಲ್ಲಿ ಇವರಲ್ಲಿ ಮತ್ತೆ ಅಪರಾಧ ಮಾಡಿ ಒಳಹೋದವರು ನೂರಕ್ಕೆ ಐವರೂ ಇಲ್ಲ. ಇಪ್ಪತ್ತರಲ್ಲಿ ಚಾಕು ಹಿಡಿದವನು ಅರವತ್ತೈದರಲ್ಲಿ ಮಂಡಿ ಹಿಡಿದುಕೊಂಡು ಬಸ್ಸು ಹತ್ತುತ್ತಾನೆ. ಇದನ್ನು ಹೇಳಲು ಸಂಶೋಧನೆ ಬೇಕಿಲ್ಲ, ಆದರೆ ಶಾಸನಸಭೆಗೆ ಬೇಕಿತ್ತು. ಸುಧಾರಣೆ ಕೇಳುವವರ ಕೈಗೆ ಒಂದು ಅಂಕಿ ಸಿಕ್ಕಿತು. ಜೊತೆಗೆ ಇನ್ನೊಂದು ಅಂಕಿಯೂ ಅವರ ಬಳಿ ಇತ್ತು: ರಾಜ್ಯದ ಜನಸಂಖ್ಯೆಯಲ್ಲಿ ಕರಿಯರು ಮೂರರಲ್ಲಿ ಒಂದು ಪಾಲಿನ ಹತ್ತಿರ, ಜೈಲಿನೊಳಗೆ ಹತ್ತಿರ ಹತ್ತಿರ ಮುಕ್ಕಾಲು.

ಗವರ್ನರನ ಕೈ ತೆಗೆಯುವ ಮಸೂದೆ ಮತ್ತೆ ಮತ್ತೆ ಬಂತು, ಮತ್ತೆ ಮತ್ತೆ ಬಿತ್ತು. ಕೊನೆಗೆ 2021ರಲ್ಲಿ ಸೆನೆಟ್ ಮಸೂದೆ 202 ಎರಡೂ ಸದನ ದಾಟಿತು. ಅದರಲ್ಲಿರುವುದು ಬಹಳ ಇಲ್ಲ. ಜೀವಾವಧಿ ಕೈದಿಯ ಪೆರೋಲ್‌ಗೆ ಗವರ್ನರನ ಒಪ್ಪಿಗೆ ಬೇಕಿಲ್ಲ. ಅದರ ಬದಲು ಆಯೋಗದ ಕನಿಷ್ಠ ಆರು ಜನ ಆಯುಕ್ತರ ಮತ ಬೇಕು. ಇದಕ್ಕೆ ಕೊಟ್ಟ ಬೆಲೆಯೂ ಮಸೂದೆಯೊಳಗೇ ಇದೆ: 2021ರ ಅಕ್ಟೋಬರ್ 1ರ ನಂತರದ ಅಪರಾಧಗಳಿಗೆ ಪೆರೋಲ್ ಅರ್ಹತೆಯ ಕನಿಷ್ಠ ಅವಧಿ 15 ವರ್ಷದಿಂದ 20ಕ್ಕೆ ಏರಿತು. ಈ ಐದು ವರ್ಷವನ್ನು ಚೌಕಾಸಿಯಲ್ಲಿ ಬಿಟ್ಟುಕೊಟ್ಟದ್ದು ನೋಡಿದರೆ ಗೊತ್ತಾಗುತ್ತದೆ. ಈಗ ಒಳಗಿರುವವರಿಗಾಗಿ, ಇನ್ನೂ ಒಳಗೆ ಬಾರದವರಿಂದ ಸಾಲ ತೆಗೆದರು.

ಗವರ್ನರ್ ಲ್ಯಾರಿ ಹೋಗನ್ ಮೇ ತಿಂಗಳಲ್ಲಿ ವೀಟೊ ಹಾಕಿದ. ಈತನನ್ನು ಖಳನಾಯಕ ಮಾಡಲು ಹೋದರೆ ಕತೆ ಕೆಡುತ್ತದೆ. ಹೋಗನ್ ರಿಪಬ್ಲಿಕನ್. ಎರಡು ದಶಕಕ್ಕೂ ಹೆಚ್ಚು ಕಾಲ ಬಾರದ ಆ ಸಹಿಯನ್ನು ಮತ್ತೆ ಹಾಕತೊಡಗಿದವನು ಈತನೇ. ಜೀವಾವಧಿ ಕೈದಿಗಳಿಗೆ ಪೆರೋಲ್ ಕೊಟ್ಟಿದ್ದ. ಗವರ್ನರನ ಅಧಿಕಾರ ಉಳಿಯಬೇಕು ಎನ್ನುವವರ ವಾದವನ್ನು ನಾನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗಿದೆ: ಅತಿ ಘೋರ ಅಪರಾಧಗಳ ವಿಷಯದಲ್ಲಿ ಕೊನೆಯ ಮಾತು ಜನ ಆರಿಸಿದವನದ್ದಿರಬೇಕು, ತಪ್ಪಾದರೆ ಅವನನ್ನು ಕೆಳಗಿಳಿಸಬಹುದು. ಹೆಸರೇ ಗೊತ್ತಿಲ್ಲದ ಹತ್ತು ಆಯುಕ್ತರನ್ನು ಯಾರು ಕೇಳಬೇಕು? ಮಗಳನ್ನು ಕಳೆದುಕೊಂಡ ತಾಯಿಗೆ ಯಾರು ಉತ್ತರ ಕೊಡಬೇಕು?

ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೈಲಿನವನ ತಾಯಿಯ ಬಗ್ಗೆ ಮಾತಾಡುವಾಗ ನಾವು ಆ ಇನ್ನೊಬ್ಬ ತಾಯಿಯನ್ನು ಮರೆಯುತ್ತೇವೆ. ನನ್ನ ಅಜ್ಜಿಯ ಮಗನೂ ಕೊಂದಿದ್ದ. ಅವನು ಕೊಂದವನ ಮನೆ ಅದೇ ಊರಿನಲ್ಲಿ, ಎರಡು ಓಣಿ ಆಚೆ ಇತ್ತು. ಪೆರೋಲ್ ಮೇಲೆ ಅವನು ಬಂದರೆ ನೀರಿಗೆ ಹೋಗುವಾಗ ಎದುರಾಗುವವರು ಅವರೇ. ಠಾಣೆಯ ವರದಿ ತಡವಾದದ್ದರಲ್ಲಿ ಬರೀ ಸೋಮಾರಿತನ ಇತ್ತು ಅಂತ ನಾನು ಪ್ರಮಾಣ ಮಾಡಲಾರೆ.

ಡಿಸೆಂಬರ್‌ನಲ್ಲಿ, ಕ್ಷೇತ್ರ ಮರುವಿಂಗಡಣೆಗೆಂದು ಕರೆದಿದ್ದ ವಿಶೇಷ ಅಧಿವೇಶನದಲ್ಲಿ, ಎರಡೂ ಸದನಗಳು ಐದರಲ್ಲಿ ಮೂರು ಪಾಲು ಬಹುಮತದಿಂದ ವೀಟೊವನ್ನು ಬದಿಗೊತ್ತಿದವು. ಅಲ್ಲಿಗೆ ಸಹಿ ಗವರ್ನರನ ಮೇಜಿನಿಂದ ಆಯೋಗದ ಮೇಜಿಗೆ ಬಂತು. ಆದರೆ ಒಂದು ಎಳೆ ಹಾಗೇ ಉಳಿಯಿತು: ಕಾಯಿಲೆಯ ಕಾರಣಕ್ಕೆ ಕೊಡುವ ವೈದ್ಯಕೀಯ ಪೆರೋಲ್. ಅದು ಬೇರೆ ಕಲಮು, ಅದನ್ನು ಯಾರೂ ಮುಟ್ಟಿರಲಿಲ್ಲ. ಗಟ್ಟಿಮುಟ್ಟಾದ ಜೀವಾವಧಿ ಕೈದಿಗೆ ಗವರ್ನರ್ ಬೇಕಿಲ್ಲ, ಹಾಸಿಗೆ ಹಿಡಿದವನಿಗೆ ಬೇಕು! ಅದನ್ನು ಸರಿಪಡಿಸಲು ಪ್ರತ್ಯೇಕ ಮಸೂದೆ ತರಬೇಕಾಯಿತು. ಅಲ್ಲಿಯೂ ನಮ್ಮಂತೆಯೇ ತೇಪೆ ಹಾಕುವ ಕೆಲಸ ಅಂತ ನನಗೊಂದು ಸಣ್ಣ ಸಮಾಧಾನ.

ಹಾಗಾದರೆ ರಾಜಕಾರಣಿಯ ಕೈ ತೆಗೆದರೆ ಎಲ್ಲ ಸರಿಹೋಗುತ್ತದೆಯೇ? ಅಲಬಾಮಾ ನೋಡಿ. ಅಲ್ಲಿ ಪೆರೋಲ್ ಮಂಡಳಿಯಲ್ಲಿ ಮೂವರು ಸದಸ್ಯರು, ಗವರ್ನರನ ಸಹಿ ಬೇಕೇ ಇರಲಿಲ್ಲ. 2018ರಲ್ಲಿ ಪೆರೋಲ್ ಮೇಲೆ ಹೊರಬಂದಿದ್ದವನೊಬ್ಬ ಗಂಟರ್ಸ್‌ವಿಲ್ ಎಂಬ ಊರಿನಲ್ಲಿ ಮೂವರನ್ನು ಕೊಂದ, ಅದರಲ್ಲಿ ಏಳು ವರ್ಷದ ಒಂದು ಮಗು. ಊರಿಗೆ ಊರೇ ಎದ್ದಿತು, ಏಳಬೇಕಾದದ್ದೇ. 2019ರಲ್ಲಿ ಶಾಸನಸಭೆ ಮಂಡಳಿಯ ಕಾಯ್ದೆ ತಿದ್ದಿತು. ಇಲಾಖೆಯ ನಿರ್ದೇಶಕನನ್ನು ಗವರ್ನರ್ ನೇಮಿಸುವಂತಾಯಿತು, ಹಿಂಸೆಯ ಕೇಸಿನ ಕೈದಿಗಳಿಗೆ ನಿಯಮ ಬಿಗಿಯಾಯಿತು. 2017ರಲ್ಲಿ ಮಂಡಳಿಯ ಮುಂದೆ ಬಂದ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಪೆರೋಲ್ ಸಿಗುತ್ತಿತ್ತು. 2023ರ ಹೊತ್ತಿಗೆ ಅದು ಶೇ. 8ಕ್ಕೆ ಇಳಿಯಿತು. ಇಷ್ಟು ಇಳಿಸಿ ಅಂತ ಕಾಯ್ದೆಯಲ್ಲಿ ಬರೆದಿರಲಿಲ್ಲ. ಅಂದು ಸಣ್ಣ ಪುಟ್ಟ ಕೇಸಿನವರಿಗೂ 'ಇಲ್ಲ' ಬರತೊಡಗಿತ್ತು. ಅಂದರೆ ಸಹಿ ಯಾರದು ಎಂಬುದು ಅರ್ಧ ಪ್ರಶ್ನೆ. ಸಹಿ ಹಾಕುವವನ ಬೆನ್ನ ಹಿಂದೆ ಯಾರು ನಿಂತಿದ್ದಾರೆ ಎಂಬುದು ಉಳಿದರ್ಧ. ಮೇರಿಲ್ಯಾಂಡ್‌ನ ಆರು ಮತದ ನಿಯಮ ನನಗೆ ಇಷ್ಟವಾಗುವುದು ಇದಕ್ಕೇ. ಆರು ಜನ ಸೇರಿ ಹೌದು ಅಂದಾಗ ನಾಳೆ ಅನಾಹುತವಾದರೆ ಹೊರೆ ಆರು ಹೆಗಲಿಗೆ ಹಂಚುತ್ತದೆ. ಒಬ್ಬನೇ ಹೊರಲಾರದೆ 'ಇಲ್ಲ' ಅನ್ನುವುದು ತಪ್ಪುತ್ತದೆ. ಪ್ರತಿ ಸಲವೂ ತಪ್ಪುತ್ತದೆ ಅಂತಲ್ಲ.

ನಮ್ಮ ದೇಶಕ್ಕೆ ಬಂದರೆ ಇದೇ ಪ್ರಶ್ನೆ ಬೇರೆ ವೇಷದಲ್ಲಿದೆ. ಕೊಲೆಯಂಥ ಕೇಸಿನ ಜೀವಾವಧಿ ಕೈದಿಗೆ ಕನಿಷ್ಠ 14 ವರ್ಷ ಅಂತ 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಸೇರಿಸಿದರು, ಈಗಿನ ಹೊಸ ಸಂಹಿತೆಯಲ್ಲಿ ಅದು 475. ಸಂವಿಧಾನದ 161ನೇ ವಿಧಿಯಲ್ಲಿ ರಾಜ್ಯಪಾಲರಿಗೆ ಕ್ಷಮಾದಾನದ ಅಧಿಕಾರವಿದೆ, ಆದರೆ ಅದನ್ನು ಸಂಪುಟದ ಸಲಹೆಯಂತೆ ಬಳಸಬೇಕು ಎಂದು 1980ರ ಮಾರು ರಾಮ್ ತೀರ್ಪಿನಲ್ಲೇ ಇದೆ. ಆದರೂ ರಾಜೀವ್ ಗಾಂಧಿ ಹತ್ಯೆ ಪ್ರಕರಣದ ಪೇರರಿವಾಳನ್ ಬಿಡುಗಡೆಗೆ ತಮಿಳುನಾಡು ಸಂಪುಟ 2018ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದರೆ, ಕಡತ ಎರಡು ವರ್ಷಕ್ಕೂ ಮೀರಿ ರಾಜಭವನದಲ್ಲಿ ಕೂತು, ಆಮೇಲೆ ರಾಷ್ಟ್ರಪತಿಗಳ ಕಡೆಗೆ ಹೊರಟಿತು. 2022ರ ಮೇ 18ರಂದು ಸುಪ್ರೀಂ ಕೋರ್ಟ್ ತಾನೇ 142ನೇ ವಿಧಿ ಬಳಸಿ ಬಿಡುಗಡೆ ಮಾಡಿತು. ಇದಕ್ಕೆ ತದ್ವಿರುದ್ಧ ಗುಜರಾತಿನ ಬಿಲ್ಕಿಸ್ ಬಾನೊ ಪ್ರಕರಣ. 11 ಜನರ ಬಿಡುಗಡೆಗೆ ಅಲ್ಲಿ ಸಹಿ ಸಲೀಸಾಗಿ ಬಿತ್ತು. ಆ ಸಹಿ ಹಾಕುವ ಅಧಿಕಾರ ಗುಜರಾತಿಗೆ ಇರಲೇ ಇಲ್ಲ, ವಿಚಾರಣೆ ನಡೆದ ಮಹಾರಾಷ್ಟ್ರಕ್ಕಿತ್ತು ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಎಲ್ಲರನ್ನೂ ವಾಪಸ್ ಕಳಿಸಿತು. ಎರಡೂ ತೀರ್ಪುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ. ಪರೀಕ್ಷೆಗೆ ಬರದಿದ್ದರೂ ಓದಿ.

ನನ್ನ ಮಾತು ಇಷ್ಟೇ. ಕಾಫಿ ಆರುತ್ತಿದೆ ಅಂತ ಮೇಷ್ಟ್ರು ಸನ್ನೆ ಮಾಡುತ್ತಿದ್ದಾರೆ.

(ಪ್ರಶ್ನೆಗಳ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ಸರ್, ಆ ಅಜ್ಜಿ ಮಗನಿಗೆ ಪೆರೋಲ್ ಸಿಕ್ತಾ?" ಅಂತ ಕೇಳಿದಳು. ಅದಕ್ಕೆ ಕೊಟ್ಟ ಉತ್ತರವನ್ನೂ ಬರೆದುಬಿಡುತ್ತೇನೆ.)

ಸಿಕ್ಕಿತಮ್ಮ. ಹೈಕೋರ್ಟಿಗೆ ರಿಟ್ ಹಾಕಿ, ಆದೇಶ ಬಂದು, ಅವನು ಹೊರಬರುವಾಗ ಜುಲೈ. ಅಷ್ಟರಲ್ಲಿ ಮಾಳಿಗೆ ಅರ್ಧ ಕುಸಿದು, ಅಜ್ಜಿ ತಂಗಿಯ ಮನೆಯ ಪಡಸಾಲೆಗೆ ಹೋಗಿ ಸೇರಿದ್ದಳು. ಮಗ ಬಂದು ಉಳಿದ ತೊಲೆಗಳನ್ನು ಬಿಚ್ಚಿ ಮೇಲೆ ತಗಡು ಹಾಕಿದ. ವಾರಕ್ಕೊಮ್ಮೆ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಬೇಕು ಅಂತ ಆದೇಶದಲ್ಲಿ ಷರತ್ತು ಇತ್ತು. ಒಳಗೆ ಹೋಗುವಾಗ ಅವನು ಹೆಬ್ಬೆಟ್ಟಿನವನು, ಅಕ್ಷರ ಕಲಿತದ್ದು ಜೈಲಿನಲ್ಲಿ. ಮೊದಲ ಸೋಮವಾರ ಅಜ್ಜಿಯೂ ಜೊತೆಗೆ ಹೋಗಿ, ರಿಜಿಸ್ಟರಿನಲ್ಲಿ ಅವನು ತನ್ನ ಹೆಸರು ಬರೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದಳಂತೆ. ಉಳಿದ ಮೂರು ಸೋಮವಾರವೂ ಹೋದಳು.